ತೆಹರಾನಿನಲ್ಲಿ ಬಿದ್ದ ಸರ್ಕಾರ, ಕುದುರೆಮುಖದಲ್ಲಿ ನಿಂತ ಅದಿರು

ಕಾರ್ಕಳದಿಂದ ಬಜಗೋಳಿ, ಮಾಳ ದಾಟಿ ಎಸ್.ಕೆ. ಬಾರ್ಡರ್ ಚೆಕ್‌ಪೋಸ್ಟ್ ಕಳೆದ ಮೇಲೆ ದಾರಿ ಪೂರ್ತಿ ಕಾಡು. ಆ ಕಾಡಿನ ನಡುವೆ ಇದ್ದಕ್ಕಿದ್ದ ಹಾಗೆ ಒಂದು ಊರು ಎದುರಾಗುತ್ತದೆ. ಸಾಲು ಸಾಲು ಕ್ವಾರ್ಟರ್ಸು, ಅಗಲವಾದ ರಸ್ತೆ. ಬಹಳಷ್ಟು ಮನೆಗಳಿಗೆ ಬೀಗ, ಗೋಡೆಗಳಿಗೆ ಪಾಚಿ. ಅದೇ ಕುದುರೆಮುಖ. 2005ರ ಕೊನೆಗೆ ಗಣಿ ನಿಂತಿತು, ಆಮೇಲೆ ಊರೂ ಖಾಲಿಯಾಯಿತು. ಕುದುರೆಮುಖ ಅಂದರೆ ನಮಗೆ ನೆನಪಾಗುವುದು ಭದ್ರಾ ನದಿಯ ಕೆಂಪು ನೀರು, ಲಕ್ಯಾ ಅಣೆಕಟ್ಟಿನ ಹೂಳು, ಪರಿಸರದವರ ಹೋರಾಟ, ಸುಪ್ರೀಂ ಕೋರ್ಟಿನ ಆದೇಶ. ಈ ಗಣಿ ಶುರುವಾದದ್ದು ಯಾರ ದುಡ್ಡಿನಿಂದ ಅಂತ ಕೇಳಿದರೆ ಮಾತ್ರ ಹೆಚ್ಚಿನವರು ತಲೆ ಕೆರೆದುಕೊಳ್ಳುತ್ತಾರೆ.

ಇರಾನಿನ ದುಡ್ಡು. 1975ರ ನವೆಂಬರಿನಲ್ಲಿ ಭಾರತ ಮತ್ತು ಇರಾನ್ ನಡುವೆ ಒಪ್ಪಂದವಾಯಿತು. ಅವರು 63 ಕೋಟಿ ಡಾಲರ್ ಸಾಲ ಕೊಡುವುದು, ನಾವು ಪಶ್ಚಿಮ ಘಟ್ಟದ ಗುಡ್ಡ ಅಗೆದು ವರ್ಷಕ್ಕೆ 75 ಲಕ್ಷ ಟನ್ ಶುದ್ಧ ಮಾಡಿದ ಅದಿರು ಕಳಿಸುವುದು. ಮರುವರ್ಷ ಏಪ್ರಿಲಿನಲ್ಲಿ ಕಂಪನಿ ಹುಟ್ಟಿತು. ಅದಿರಿನ ಪುಡಿಯನ್ನು ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಪೈಪಿನಲ್ಲಿ ಘಾಟಿ ಇಳಿಸಿ, ಪಣಂಬೂರಿಗೆ ತಂದು ಹಡಗಿಗೆ ತುಂಬುವ ಯೋಜನೆ. ಕೆಲಸವೇನೋ ಜೋರಾಗಿಯೇ ನಡೆಯಿತು. ಅಷ್ಟರಲ್ಲಿ ತೆಹರಾನಿನಲ್ಲಿ ಸಿಂಹಾಸನ ಅಲುಗಾಡಿತು. 25.5 ಕೋಟಿ ಡಾಲರ್ ಕೊಟ್ಟ ಮೇಲೆ ಅಲ್ಲಿಂದ ಹಣ ಬರುವುದು ನಿಂತಿತು. ಉಳಿದದ್ದನ್ನು ನಮ್ಮ ಸರ್ಕಾರವೇ ಹಾಕಿ 1980ರಲ್ಲಿ ಕೆಲಸ ಮುಗಿಸಿತು. ಗಣಿ ರೆಡಿ, ಪೈಪು ರೆಡಿ, ಬಂದರು ರೆಡಿ. ಕೊಳ್ಳುವವರೇ ಇಲ್ಲ. ಚಪ್ಪರ ಹಾಕಿ, ಅಡುಗೆ ಮುಗಿಸಿ ಕೂತ ಮೇಲೆ ದಿಬ್ಬಣ ಬರಲಿಲ್ಲ ಅಂದ ಹಾಗೆ. ಬೇರೆ ಗಿರಾಕಿ ಹುಡುಕುತ್ತಾ, ಕೊನೆಗೆ 1987ರಲ್ಲಿ ಮಂಗಳೂರಿನಲ್ಲಿ ಅದಿರಿನ ಉಂಡೆ ಕಟ್ಟುವ ಕಾರ್ಖಾನೆ ಹಾಕಿದ ಮೇಲೆ ಕಂಪನಿ ಸ್ವಲ್ಪ ಉಸಿರಾಡಿತು.

ನಮ್ಮ ಗುಡ್ಡ ಅಗೆಯಲು ಸಾಲ ಕೊಡುವಷ್ಟು ದುಡ್ಡು ಇರಾನಿನ ದೊರೆಗೆ ಎಲ್ಲಿಂದ ಬಂತು? ಅಷ್ಟು ದುಡ್ಡಿದ್ದ ದೊರೆ ರಾತ್ರೋರಾತ್ರಿ ಯಾಕೆ ಓಡಬೇಕಾಯಿತು? ಎರಡಕ್ಕೂ ಉತ್ತರ 1953ರ ಆಗಸ್ಟ್ ತಿಂಗಳಿನ ನಾಲ್ಕು ದಿನಗಳಲ್ಲಿದೆ. ಅಮೆರಿಕ ಎಣ್ಣೆಗಾಗಿ ಯಾರ್ಯಾರ ಮನೆಗೆ ಕೈ ಹಾಕಿತು ಅಂತ ಪಟ್ಟಿ ಮಾಡುವವರು ಇರಾಕಿನಿಂದ ಶುರು ಮಾಡುತ್ತಾರೆ. ನನ್ನ ಪ್ರಕಾರ ತೆಹರಾನಿನಿಂದ ಶುರು ಮಾಡಬೇಕು. ಯಾಕೆಂದರೆ ಅಲ್ಲಿ ಕೆಲಸ ಅಷ್ಟು ಸಲೀಸಾಗಿ ಆಗಿಹೋಯಿತು. ಆ ಸಲೀಸೇ ಮುಂದಿನ ಎಲ್ಲದಕ್ಕೂ ಅಡಿಪಾಯ.

1901ರಲ್ಲಿ ವಿಲಿಯಂ ನಾಕ್ಸ್ ಡಾರ್ಸಿ ಎಂಬ ಉದ್ಯಮಿ ಇರಾನಿನ ದೊರೆಯಿಂದ 60 ವರ್ಷದ ಗುತ್ತಿಗೆ ಬರೆಸಿಕೊಂಡ. ದೇಶದ ಬಹುಭಾಗದಲ್ಲಿ ಎಣ್ಣೆ ಹುಡುಕಿ ತೆಗೆಯುವ ಹಕ್ಕು ಅವನಿಗೆ, ಲಾಭದಲ್ಲಿ ಶೇ 16 ಇರಾನಿಗೆ. 1908ರಲ್ಲಿ ಮಸ್ಜಿದ್ ಸುಲೇಮಾನ್ ಎಂಬಲ್ಲಿ ಎಣ್ಣೆ ಚಿಮ್ಮಿತು, ಮರುವರ್ಷ ಆಂಗ್ಲೋ-ಪರ್ಷಿಯನ್ ಕಂಪನಿ ಹುಟ್ಟಿತು. 1914ರಲ್ಲಿ ಬ್ರಿಟನ್ನಿನ ನೌಕಾಪಡೆ ನೋಡಿಕೊಳ್ಳುತ್ತಿದ್ದ ಚರ್ಚಿಲ್, ಹಡಗುಗಳಿಗೆ ಕಲ್ಲಿದ್ದಲು ಬಿಟ್ಟು ಎಣ್ಣೆ ಹಾಕಲು ಹೊರಟಿದ್ದರು. ಕಂಪನಿಯ ಶೇ 51 ಪಾಲನ್ನು ಸರ್ಕಾರದ ಹೆಸರಿಗೆ ಕೊಂಡರು. ಅಲ್ಲಿಂದ ಮುಂದೆ ಕಂಪನಿಯ ಜೊತೆ ಜಗಳ ಅಂದರೆ ಬ್ರಿಟಿಷ್ ಸರ್ಕಾರದ ಜೊತೆ ಜಗಳ.

ಅಬಾದಾನ್ ಎಂಬ ಊರಿನಲ್ಲಿ ಎದ್ದ ಕಂಪನಿಯ ರಿಫೈನರಿ ಒಂದು ಕಾಲಕ್ಕೆ ಜಗತ್ತಿನಲ್ಲೇ ದೊಡ್ಡದು. ಇಂಗ್ಲಿಷ್ ಸಾಹೇಬರಿಗೆ ಹುಲ್ಲುಹಾಸು, ಕ್ಲಬ್ಬು, ಈಜುಕೊಳ. ನಡುವೆ ಗುಮಾಸ್ತರು, ಕುಶಲಕರ್ಮಿಗಳು. ಇವರಲ್ಲಿ ಭಾರತದಿಂದ ಹೋದವರು ಬಹಳ. ಕೆಳಗೆ ಇರಾನಿ ಕೂಲಿಗಳು. ಕೂಲಿಗಳ ಕೇರಿಯ ಹೆಸರು ಕಾಗಜಾಬಾದ್. ಅನುವಾದವೇ ಬೇಡ, ಕಾಗದದ ಊರು. ಹಳೆ ಎಣ್ಣೆ ಡ್ರಮ್ಮುಗಳನ್ನು ತಟ್ಟಿ ಚಪ್ಪಟೆ ಮಾಡಿ ಗೋಡೆ ಕಟ್ಟಿಕೊಂಡಿದ್ದರು. ಬೇಸಿಗೆಯಲ್ಲಿ ಪರ್ಷಿಯನ್ ಕೊಲ್ಲಿಯ ಬಿಸಿಲಿಗೆ ಆ ತಗಡು ಎಷ್ಟು ಕಾಯುತ್ತಿತ್ತೋ, ಊಹಿಸಿಕೊಳ್ಳಿ. ಕಂಪನಿ ಇರಾನಿಗೆ ಕೊಡುತ್ತಿದ್ದ ಪಾಲಿಗಿಂತ ಬ್ರಿಟಿಷ್ ಸರ್ಕಾರಕ್ಕೆ ಕಟ್ಟುತ್ತಿದ್ದ ತೆರಿಗೆಯೇ ಜಾಸ್ತಿ ಇತ್ತು. ಲೆಕ್ಕದ ಪುಸ್ತಕ ತೋರಿಸಿ ಅಂತ ಇರಾನ್ ಕೇಳಿದರೆ ಅದಕ್ಕೂ ಇಲ್ಲ.

ಇದೇ ಹೊತ್ತಿಗೆ, 1950ರ ಡಿಸೆಂಬರಿನಲ್ಲಿ, ಅಮೆರಿಕದ ಕಂಪನಿಗಳು ಪಕ್ಕದ ಸೌದಿ ಅರೇಬಿಯಾದ ಜೊತೆ ಲಾಭ ಅರ್ಧರ್ಧ ಹಂಚಿಕೊಳ್ಳಲು ಒಪ್ಪಿದವು. ಸುದ್ದಿ ಇರಾನಿಗೆ ತಲುಪಿದ ಮೇಲೆ ಹಳೆ ಗುತ್ತಿಗೆಗೆ ಯಾರು ತಲೆಯಾಡಿಸುತ್ತಾರೆ? ಬ್ರಿಟಿಷ್ ಕಂಪನಿಗೆ ಬುದ್ಧಿ ಬರುವಷ್ಟರಲ್ಲಿ ತಡವಾಗಿತ್ತು. 1951ರ ಮಾರ್ಚಿನಲ್ಲಿ ಇರಾನಿನ ಸಂಸತ್ತು ತೈಲವನ್ನು ರಾಷ್ಟ್ರೀಕರಣ ಮಾಡಿತು. ಏಪ್ರಿಲ್ ಕೊನೆಗೆ ಆ ಹೋರಾಟದ ಮುಂದಾಳು ಮೊಹಮ್ಮದ್ ಮೊಸಾದೆಗ್ ಪ್ರಧಾನಿಯಾದರು.

ವಿಚಿತ್ರ ಮನುಷ್ಯ. ಸ್ವಿಟ್ಜರ್‌ಲೆಂಡಿನಲ್ಲಿ ಕಾನೂನು ಓದಿ ಬಂದ ಜಮೀನ್ದಾರ ಮನೆತನದವರು. ಭಾಷಣ ಮಾಡುತ್ತಾ ಅಳುತ್ತಿದ್ದರು, ಕೆಲವೊಮ್ಮೆ ತಲೆ ಸುತ್ತಿ ಬೀಳುತ್ತಿದ್ದರು. ಆರೋಗ್ಯ ಸರಿಯಿಲ್ಲ ಅಂತ ಪೈಜಾಮದಲ್ಲೇ, ಮಂಚದ ಮೇಲೆ ದಿಂಬಿಗೆ ಒರಗಿಕೊಂಡೇ ರಾಯಭಾರಿಗಳ ಜೊತೆ ಮಾತಾಡುತ್ತಿದ್ದರು. ಪಶ್ಚಿಮದ ಪತ್ರಿಕೆಗಳು ಇದನ್ನೇ ಹಿಡಿದು ಗೇಲಿ ಮಾಡಿದವು. ಆದರೆ ಅದೇ ಮನುಷ್ಯ 1951ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿಗೆ ಹೋಗಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಬ್ರಿಟನ್ನಿಗೆ ಎದುರು ನಿಂತು ವಾದಿಸಿದರು. ಮರುವರ್ಷ ಜುಲೈನಲ್ಲಿ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯವೂ ಈ ಕೇಸು ತನ್ನ ವ್ಯಾಪ್ತಿಗೆ ಬರುವುದಿಲ್ಲ ಅಂದಿತು. ಕೋರ್ಟು, ಸಭೆ ಎರಡರಲ್ಲೂ ಗೆದ್ದವರು ಮೊಸಾದೆಗ್ ಅವರೇ.

ಸೋತದ್ದು ಸಮುದ್ರದಲ್ಲಿ. ಇರಾನಿನ ಎಣ್ಣೆ ಅಂದರೆ ಕದ್ದ ಮಾಲು ಅಂತ ಬ್ರಿಟನ್ ಸಾರಿತು. 1952ರಲ್ಲಿ ರೋಸ್ ಮೇರಿ ಎಂಬ ಟ್ಯಾಂಕರ್ ಹಡಗು ಇರಾನಿನ ಎಣ್ಣೆ ತುಂಬಿಕೊಂಡು ಹೊರಟಾಗ ಅದನ್ನು ಆಗ ಬ್ರಿಟಿಷರ ಕೈಯಲ್ಲಿದ್ದ ಏಡನ್ ಬಂದರಿನಲ್ಲಿ ಹಿಡಿದಿಟ್ಟರು. ಆಮೇಲೆ ಹಡಗಿನವರು ಹತ್ತಿರ ಸುಳಿಯಲೂ ಹೆದರಿದರು. ಇರಾನಿನ ಎಣ್ಣೆ ಇಲ್ಲದೆ ಜಗತ್ತೇನೂ ನಿಲ್ಲಲಿಲ್ಲ. ಕುವೈತ್, ಸೌದಿ, ಇರಾಕ್ ಜಾಸ್ತಿ ತೆಗೆದವು. ತೆಹರಾನಿನ ಖಜಾನೆ ಬರಿದಾಯಿತು. ಈಗ ನಾವು ದಿನಾ ಪೇಪರಿನಲ್ಲಿ ಓದುವ 'ನಿರ್ಬಂಧ' ಎಂಬ ಆಯುಧದ ಹಳೆ ಪ್ರಯೋಗಗಳಲ್ಲಿ ಇದೂ ಒಂದು.

ಮೊಸಾದೆಗ್ ಸರ್ಕಾರ ಉರುಳಿಸುವ ಬ್ರಿಟಿಷರ ಸಲಹೆಗೆ ಅಮೆರಿಕದ ಅಧ್ಯಕ್ಷ ಟ್ರೂಮನ್ ಒಪ್ಪಿರಲಿಲ್ಲ. ಏನಾದರೂ ರಾಜಿ ಮಾಡಿಸೋಣ ಅಂತ ಓಡಾಡುತ್ತಿದ್ದರು. 1953ರ ಜನವರಿಯಲ್ಲಿ ಐಸೆನ್‌ಹೋವರ್ ಬಂದರು, ಜೊತೆಗೆ ಡಲ್ಲೆಸ್ ಸಹೋದರರು. ಒಬ್ಬ ವಿದೇಶಾಂಗ ಮಂತ್ರಿ, ಇನ್ನೊಬ್ಬ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯ ಮುಖ್ಯಸ್ಥ. ಅಣ್ಣತಮ್ಮ ಸೇರಿ ಫೈಲು ಮುಂದಕ್ಕೆ ತಳ್ಳಿದರು. ಏಪ್ರಿಲಿನಲ್ಲಿ ಹತ್ತು ಲಕ್ಷ ಡಾಲರ್ ಮಂಜೂರಾಯಿತು. ಮೊಸಾದೆಗ್ ಬೀಳುವುದಾದರೆ ಯಾವ ದಾರಿಯಲ್ಲಾದರೂ ಖರ್ಚು ಮಾಡಬಹುದು.

ಕೆಲಸ ವಹಿಸಿದ್ದು ಕೆರ್ಮಿಟ್ ರೂಸ್‌ವೆಲ್ಟ್‌ಗೆ. ಹಳೆ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್‌ನ ಮೊಮ್ಮಗ. ಇರಾಕಿನ ಗಡಿ ದಾಟಿ ಕಾರಿನಲ್ಲಿ ತೆಹರಾನಿಗೆ ಬಂದ. ಪತ್ರಿಕೆಗಳವರಿಗೆ, ಸಂಸದರಿಗೆ, ಮುಲ್ಲಾಗಳಿಗೆ, ಸೇನಾಧಿಕಾರಿಗಳಿಗೆ ದುಡ್ಡು ಹರಿಯಿತು. ಹಿಂಜರಿಯುತ್ತಿದ್ದ ಯುವ ದೊರೆ ಮೊಹಮ್ಮದ್ ರೆಜಾ ಶಾನ ಕೈಯಲ್ಲಿ ಪ್ರಧಾನಿಯನ್ನು ವಜಾ ಮಾಡುವ ಫರ್ಮಾನಿಗೆ ಸಹಿ ಹಾಕಿಸಿದರು. ಆಗಸ್ಟ್ 15ರ ರಾತ್ರಿ ಆ ಕಾಗದ ಹಿಡಿದು ಮೊಸಾದೆಗ್ ಮನೆಗೆ ಹೋದ ಕರ್ನಲ್‌ಗೆ ಸುದ್ದಿ ಮೊದಲೇ ಸೋರಿದ್ದು ಗೊತ್ತಿರಲಿಲ್ಲ. ಅವನನ್ನೇ ಹಿಡಿದು ಕೂರಿಸಿದರು. ಶಾ ವಿಮಾನ ಹತ್ತಿ ಬಾಗ್ದಾದಿಗೆ, ಅಲ್ಲಿಂದ ರೋಮಿಗೆ ಓಡಿದ. ವಾಷಿಂಗ್ಟನ್ ಕೈ ಚೆಲ್ಲಿತು, ಗಂಟುಮೂಟೆ ಕಟ್ಟು ಅಂದಿತು. ರೂಸ್‌ವೆಲ್ಟ್ ಹೊರಡಲಿಲ್ಲ.

ಮುಂದಿನ ಮೂರು ದಿನ ತೆಹರಾನಿನ ಬೀದಿಗಳಲ್ಲಿ ನಡೆದದ್ದು ಒಂದು ಬಯಲಾಟ. ದುಡ್ಡು ತೆಗೆದುಕೊಂಡವರು ಕಮ್ಯುನಿಸ್ಟರ ವೇಷ ಹಾಕಿ ಅಂಗಡಿ ಒಡೆದರು, ಜನ ಹೆದರಲಿ ಅಂತ. ಆಮೇಲೆ ಶಾನ ಪರವಾಗಿ ಇನ್ನೊಂದು ಗುಂಪು. ಅದರ ಮುಂದೆ ಗರಡಿಮನೆಯ ಪೈಲ್ವಾನರು, ಬಜಾರಿನ ಪುಂಡರು, ಹಿಂದೆ ನಿಜವಾಗಿಯೂ ಶಾನನ್ನು ಇಷ್ಟಪಡುವ ಜನ, ಅವರ ಹಿಂದೆ ಸೈನ್ಯದ ಟ್ಯಾಂಕುಗಳು. ಆಗಸ್ಟ್ 19ರ ಸಂಜೆ ಹೊತ್ತಿಗೆ ಪ್ರಧಾನಿಯ ಮನೆಗೆ ಶೆಲ್ ಬೀಳುತ್ತಿತ್ತು. ಸುಮಾರು 300 ಜನ ಸತ್ತರು. ಮೊಸಾದೆಗ್ ಗೋಡೆ ಹಾರಿ ತಪ್ಪಿಸಿಕೊಂಡು, ಮರುದಿನ ತಾವೇ ಶರಣಾದರು. ಮೂರು ವರ್ಷ ಜೈಲು, ಆಮೇಲೆ ಅಹ್ಮದಾಬಾದ್ ಎಂಬ ಹಳ್ಳಿಯ ತಮ್ಮ ಮನೆಯಲ್ಲೇ ಸಾಯುವ ತನಕ ಕಾವಲು. ಗುಜರಾತಿನ ಅಹಮದಾಬಾದ್ ಅಲ್ಲ, ತೆಹರಾನಿನಿಂದ ಪಶ್ಚಿಮಕ್ಕಿರುವ ಸಣ್ಣ ಊರು. 1967ರ ಮಾರ್ಚಿನಲ್ಲಿ ತೀರಿಕೊಂಡಾಗ, ಅವರು ಕೇಳಿದ್ದ ಸ್ಮಶಾನದಲ್ಲಿ ಹೂಳಲು ಶಾ ಬಿಡಲಿಲ್ಲ. ಮನೆಯ ಒಂದು ಕೋಣೆಯ ನೆಲ ಅಗೆದು ಅಲ್ಲೇ ಮಣ್ಣು ಮಾಡಿದರು.

ಇದೆಲ್ಲ ಬರೀ ಎಣ್ಣೆಗಾಗಿಯೇ? ಈ ಪ್ರಶ್ನೆಗೆ ಸುಮ್ನೆ ಹೌದು ಅಂದುಬಿಡುವುದು ಸುಲಭ. ಆದರೆ ಅಮೆರಿಕದ ದೊಡ್ಡ ಕಂಪನಿಗಳಿಗೆ 1953ರಲ್ಲಿ ಇರಾನಿನ ಎಣ್ಣೆ ಬೇಕೇ ಇರಲಿಲ್ಲ. ಸೌದಿ, ಕುವೈತ್ ಎಣ್ಣೆಯೇ ಅವರಿಗೆ ಹೊರೆಯಾಗುವಷ್ಟಿತ್ತು. ಇರಾನಿಗೆ ಬನ್ನಿ ಅಂತ ಸರ್ಕಾರವೇ ಅವರನ್ನು ಒತ್ತಾಯ ಮಾಡಬೇಕಾಯಿತು. ಇರಾನ್ ರಷ್ಯಾದ ಕಡೆ ವಾಲಿದರೆ ಎಂಬ ಭಯ ನಿಜವಾಗಿಯೂ ಇತ್ತು. ಅಲ್ಲಿನ ಕಮ್ಯುನಿಸ್ಟ್ ಪಕ್ಷ ತುದೇ ಚಿಕ್ಕದೇನಲ್ಲ. ಮೊಸಾದೆಗ್ ಕೂಡ ತಪ್ಪು ಮಾಡಿದರು. ಸಂಸತ್ತು ವಿಸರ್ಜಿಸಲು ನಡೆಸಿದ ಜನಮತದಲ್ಲಿ ಹೌದು ಅನ್ನುವವರಿಗೆ ಒಂದು ಪೆಟ್ಟಿಗೆ, ಇಲ್ಲ ಅನ್ನುವವರಿಗೆ ಬೇರೆ ಪೆಟ್ಟಿಗೆ ಇಟ್ಟಿದ್ದರು. ಯಾರು ಹೋಗಿ 'ಇಲ್ಲ' ಪೆಟ್ಟಿಗೆಗೆ ಚೀಟಿ ಹಾಕುತ್ತಾರೆ, ಹೇಳಿ. ಜೊತೆಗಿದ್ದ ಧರ್ಮಗುರು ಕಾಶಾನಿ ಕೂಡ ಅಷ್ಟರಲ್ಲಿ ಕೈ ಬಿಟ್ಟಿದ್ದರು.

ಇಷ್ಟೆಲ್ಲ ಒಪ್ಪಿಕೊಂಡರೂ ಒಂದು ಮಾತು ಉಳಿಯುತ್ತದೆ. ಎಣ್ಣೆಯ ವಿಷಯದಲ್ಲಿ ಅವರ ನಿಜವಾದ ಭಯ ಕೊರತೆಯದ್ದಲ್ಲ, ಮಾದರಿಯದ್ದು. ಇರಾನ್ ತನ್ನ ಬಾವಿ ತಾನೇ ಇಟ್ಟುಕೊಂಡು ಬದುಕಿಬಿಟ್ಟರೆ ನಾಳೆ ಸೌದಿ, ವೆನೆಜುವೆಲಾ, ಕುವೈತ್ ಸುಮ್ಮನಿರುತ್ತವೆಯೇ? ಬೆಲೆ ಯಾರು ಕಟ್ಟಬೇಕು, ಷರತ್ತು ಯಾರು ಬರೆಯಬೇಕು ಎಂಬುದೇ ಜಗಳ. 1954ರ ಹಂಚಿಕೆ ನೋಡಿದರೆ ಇದು ಗೊತ್ತಾಗುತ್ತದೆ. ಹಳೆ ಬ್ರಿಟಿಷ್ ಕಂಪನಿಗೆ ಶೇ 40, ಅಮೆರಿಕದ ಕಂಪನಿಗಳಿಗೆ ಒಟ್ಟು ಶೇ 40, ಶೆಲ್‌ಗೆ 14, ಫ್ರೆಂಚರಿಗೆ 6. ಕಾಗದದ ಮೇಲೆ ಎಣ್ಣೆ ಇರಾನಿನದೇ. ಲಾಭ ಅರ್ಧರ್ಧ. ಆದರೆ ಎಷ್ಟು ತೆಗೆಯಬೇಕು, ಯಾರಿಗೆ ಮಾರಬೇಕು ಅಂತ ನಿರ್ಧರಿಸುವವರು ಈ ಕೂಟದವರು. ಬ್ರಿಟಿಷ್ ಕಂಪನಿ ಅದೇ ವರ್ಷ ಹೆಸರು ಬದಲಾಯಿಸಿಕೊಂಡು ಬ್ರಿಟಿಷ್ ಪೆಟ್ರೋಲಿಯಂ ಆಯಿತು. ಇವತ್ತಿನ ಬಿಪಿ.

ವಾಷಿಂಗ್ಟನ್ನಿಗೆ ಇದರಿಂದ ಸಿಕ್ಕ ಪಾಠವೇ ದೊಡ್ಡ ಅಪಾಯ. ಹತ್ತು ಲಕ್ಷ ಡಾಲರ್, ಒಂದಿಷ್ಟು ಪೈಲ್ವಾನರು, ಒಂದು ದೇಶ ಕೈಗೆ. ಇಷ್ಟು ಅಗ್ಗವಾದರೆ ಮತ್ತೆ ಯಾಕೆ ಮಾಡಬಾರದು? ಹತ್ತೇ ತಿಂಗಳಲ್ಲಿ ಗ್ವಾಟೆಮಾಲದ ಚುನಾಯಿತ ಸರ್ಕಾರ ಉರುಳಿತು. ಅಲ್ಲಿ ಎಣ್ಣೆ ಅಲ್ಲ, ಬಾಳೆಹಣ್ಣಿನ ಕಂಪನಿ.

ಶಾ ವಾಪಸ್ಸು ಬಂದ. ಈ ಸಲ ಹೆದರಿದ ಹುಡುಗನಾಗಿ ಅಲ್ಲ. 1957ರಲ್ಲಿ ಸಿಐಎ ನೆರವಿನಿಂದ ಸಾವಾಕ್ ಎಂಬ ಗುಪ್ತ ಪೊಲೀಸ್ ಪಡೆ ಕಟ್ಟಿದ. ಪಕ್ಷಗಳು ಮುಚ್ಚಿದವು, ಪತ್ರಿಕೆಗಳ ಬಾಯಿಗೆ ಬೀಗ ಬಿತ್ತು. ಮೊಸಾದೆಗ್ ಥರದ ಕಾನೂನು, ಸಂಸತ್ತು ಅಂತ ಮಾತಾಡುವವರೆಲ್ಲ ಜೈಲಿಗೋ ಮನೆಗೋ ಹೋದರು. ಉಳಿದದ್ದು ಮಸೀದಿ ಒಂದೇ. ಅದನ್ನು ಮುಚ್ಚುವುದಕ್ಕೆ ಆಗುವುದಿಲ್ಲವಲ್ಲ. ಊರೂರಲ್ಲಿ ಕಟ್ಟಡ ಇದೆ, ವಾರಕ್ಕೊಮ್ಮೆ ಜನ ಸೇರುತ್ತಾರೆ, ಮಾತಾಡುವವರು ಇದ್ದಾರೆ. 1964ರಲ್ಲಿ ಇರಾನಿನಲ್ಲಿರುವ ಅಮೆರಿಕದ ಸೈನಿಕ ಸಿಬ್ಬಂದಿಯನ್ನು ಇರಾನಿನ ಕೋರ್ಟುಗಳು ವಿಚಾರಿಸುವಂತಿಲ್ಲ ಅಂತ ಕಾನೂನು ಬಂತು. ಅದನ್ನು ಬೈದು ಭಾಷಣ ಮಾಡಿದ ಒಬ್ಬ ಧರ್ಮಗುರುವನ್ನು ಗಡೀಪಾರು ಮಾಡಿದರು. ಹೆಸರು ಖೊಮೇನಿ.

1973ರ ಅಕ್ಟೋಬರಿನಿಂದ ಮೂರೇ ತಿಂಗಳಲ್ಲಿ ಕಚ್ಚಾ ತೈಲದ ಬೆಲೆ ಬ್ಯಾರೆಲ್‌ಗೆ ಸುಮಾರು 3 ಡಾಲರಿನಿಂದ 12ರ ಹತ್ತಿರ ಹಾರಿತು. ಬೆಲೆ ಏರಿಸಲು ಮುಂದೆ ನಿಂತವರಲ್ಲಿ ಶಾ ಒಬ್ಬ. ಅಮೆರಿಕ ಪೀಠಕ್ಕೆ ಕೂರಿಸಿದವನೇ ಅಮೆರಿಕದ ಪೆಟ್ರೋಲ್ ಬಿಲ್ಲು ಏರಿಸಿದ! ದುಡ್ಡು ಹೊಳೆಯಾಗಿ ಬಂತು. ಅಮೆರಿಕದ ಯುದ್ಧವಿಮಾನ ಕೊಂಡ, 20ಕ್ಕೂ ಜಾಸ್ತಿ ಅಣುಸ್ಥಾವರ ಕಟ್ಟುತ್ತೇನೆ ಅಂದ, ಉಕ್ಕಿನ ಕಾರ್ಖಾನೆಗಳಿಗೆ ಅದಿರು ಬೇಕು ಅಂತ ಹುಡುಕಿದ. ನಮ್ಮ ಕುದುರೆಮುಖಕ್ಕೆ ಬಂದದ್ದು ಈ ಹೊಳೆಯ ಒಂದು ತೋಡು. ಅತ್ತ ಹಳ್ಳಿ ಬಿಟ್ಟು ತೆಹರಾನಿಗೆ ಬಂದ ಜನರಿಗೆ ಬಾಡಿಗೆ ಮನೆ ಸಿಗುತ್ತಿರಲಿಲ್ಲ. ಹಣದುಬ್ಬರ ಬೇರೆ.

1979ರ ಜನವರಿಯಲ್ಲಿ ಶಾ ದೇಶ ಬಿಟ್ಟ, ಫೆಬ್ರವರಿ 1ಕ್ಕೆ ಖೊಮೇನಿ ಬಂದಿಳಿದರು. ಅಕ್ಟೋಬರಿನಲ್ಲಿ ಶಾನನ್ನು ಕ್ಯಾನ್ಸರ್ ಚಿಕಿತ್ಸೆಗೆ ಅಂತ ಅಮೆರಿಕ ಒಳಗೆ ಬಿಟ್ಟುಕೊಂಡಿತು. ಅಮೆರಿಕದವರಿಗೆ ಅದು ಕರುಣೆ. ತೆಹರಾನಿನ ವಿದ್ಯಾರ್ಥಿಗಳಿಗೆ ಅದು 1953ರ ಎರಡನೇ ಭಾಗ. ಆಗಲೂ ಹೀಗೇ ಓಡಿಹೋಗಿ ಅಮೆರಿಕದ ರಾಯಭಾರ ಕಚೇರಿಯ ನೆರವಿನಿಂದ ವಾಪಸ್ಸು ಬಂದಿದ್ದನಲ್ಲ! ನವೆಂಬರ್ 4ರಂದು ಅದೇ ಕಚೇರಿಯ ಗೇಟು ಹತ್ತಿದರು. 52 ಜನ 444 ದಿನ ಒತ್ತೆಯಾಳುಗಳಾಗಿ ಉಳಿದರು. ಅಮೆರಿಕದ ಟೀವಿಗಳಿಗೆ ಇರಾನ್ ಕಥೆ ಇಲ್ಲಿಂದ ಶುರು, ಮೊದಲ ಅಧ್ಯಾಯ ಹರಿದುಹೋದ ಪುಸ್ತಕದ ಹಾಗೆ. ಆ ಅಧ್ಯಾಯದಲ್ಲಿ ತಮ್ಮ ಪಾತ್ರವಿತ್ತು ಅಂತ ಸಿಐಎ ದಾಖಲೆಯೇ ಸ್ಪಷ್ಟವಾಗಿ ಒಪ್ಪಿಕೊಂಡದ್ದು ಹೊರಗೆ ಬಂದದ್ದು 2013ರಲ್ಲಿ, 60 ವರ್ಷ ಕಳೆದ ಮೇಲೆ.

ಹಾಗಂತ ಇರಾನಿನ ಈಗಿನ ಆಳುವವರನ್ನು ಮೊಸಾದೆಗ್ ವಾರಸುದಾರರು ಅಂದುಕೊಳ್ಳಬೇಡಿ. ತೆಹರಾನಿನ ಉದ್ದಕ್ಕೂ ಹೋಗುವ ಮುಖ್ಯ ರಸ್ತೆಗೆ ಶಾನ ಕಾಲದಲ್ಲಿ ಪಹ್ಲವಿ ಅಂತ ಹೆಸರು. ಕ್ರಾಂತಿಯಾದ ಹೊಸತರಲ್ಲಿ ಜನ ಅದಕ್ಕೆ ಮೊಸಾದೆಗ್ ಹೆಸರಿಟ್ಟರು. ಸ್ವಲ್ಪ ದಿನಕ್ಕೇ ಅದೂ ಹೋಗಿ ವಲಿಅಸ್ರ್ ಎಂಬ ಧಾರ್ಮಿಕ ಹೆಸರು ಬಂತು. 1953ರ ಗಾಯ ಬೇಕು, ಗಾಯಗೊಂಡ ಮನುಷ್ಯ ಬೇಡ. ತಮ್ಮದೇ ಜನರ ಮೇಲೆ ಗುಂಡು ಹಾರಿಸುವಾಗಲೂ 'ವಿದೇಶಿ ಕೈವಾಡ' ಅನ್ನಲು ಆ ಗಾಯ ಚೆನ್ನಾಗಿ ಉಪಯೋಗಕ್ಕೆ ಬರುತ್ತದೆ. ಬರೀ ಸುಳ್ಳಾಗಿದ್ದರೆ ಜನ ನಕ್ಕುಬಿಡುತ್ತಿದ್ದರು. ಒಮ್ಮೆ ನಿಜವಾಗಿತ್ತು, ಅದೇ ಕಷ್ಟ.

ಕೈತಪ್ಪಿದ ಇರಾನಿನ ಜಾಗಕ್ಕೆ ಅಮೆರಿಕ ತಾನೇ ಬಂದು ಕೂತಿತು. 1980ರ ಜನವರಿಯಲ್ಲಿ ಅಧ್ಯಕ್ಷ ಕಾರ್ಟರ್, ಪರ್ಷಿಯನ್ ಕೊಲ್ಲಿಯನ್ನು ಹೊರಗಿನವರು ಹಿಡಿಯಲು ಬಂದರೆ ಸೈನ್ಯ ಬಳಸಿಯಾದರೂ ತಡೆಯುತ್ತೇವೆ ಅಂದರು. ಬೇರೆಯವರ ಕೈಯಲ್ಲಿ ಕಾಯಿಸುತ್ತಿದ್ದ ಎಣ್ಣೆಯನ್ನು ಇನ್ನು ತಾವೇ ಕಾಯುವುದು. ಆಮೇಲಿನದು ಒಂದರ ಬಾಲ ಹಿಡಿದು ಇನ್ನೊಂದು. ಇರಾನ್ ಮೇಲೆ ಸದ್ದಾಂ ಹುಸೇನ್ ಎಂಟು ವರ್ಷ ಯುದ್ಧ ಮಾಡಿದಾಗ ಅಮೆರಿಕ ಸದ್ದಾಂಗೆ ಗುಪ್ತ ಮಾಹಿತಿ ಕೊಟ್ಟಿತು. 1988ರ ಜುಲೈ 3ರಂದು ಕೊಲ್ಲಿಯಲ್ಲಿದ್ದ ಅದರ ಯುದ್ಧನೌಕೆ ಇರಾನಿನ ಪ್ರಯಾಣಿಕ ವಿಮಾನ ಹೊಡೆದುರುಳಿಸಿ 290 ಜನ ಸತ್ತರು. ಅವರಲ್ಲಿ ಹತ್ತು ಜನ ಭಾರತೀಯರು. ಯುದ್ಧದ ಸಾಲ ತೀರಿಸಲಾಗದೆ ಸದ್ದಾಂ 1990ರಲ್ಲಿ ಕುವೈತ್ ನುಂಗಿದ. ಅಲ್ಲಿಂದ ಸುಮಾರು 1.7 ಲಕ್ಷ ಭಾರತೀಯರನ್ನು ವಿಮಾನದಲ್ಲಿ ಕರೆತಂದರು. ನಮ್ಮ ಕರಾವಳಿಯ ಎಷ್ಟೋ ಮನೆಗಳಲ್ಲಿ ಈಗಲೂ 'ಕುವೈತ್ ಗಲಾಟೆ ವರ್ಷ' ಅಂದರೆ ಅದೇ. ಕಟ್ಟಿಕೊಂಡ ಅಂಗಡಿ ಬಿಟ್ಟು ಬರೀ ಕೈಯಲ್ಲಿ ಬಂದವರು.

2003ರ ಇರಾಕ್ ಯುದ್ಧದ ಬಗ್ಗೆ ಬೇಕಾದಷ್ಟು ಬರೆದಾಗಿದೆ. ಬಾಗ್ದಾದಿನಲ್ಲಿ ಮ್ಯೂಸಿಯಂ ಲೂಟಿಯಾಗುತ್ತಿದ್ದಾಗ ತೈಲ ಸಚಿವಾಲಯಕ್ಕೆ ಮಾತ್ರ ಅಮೆರಿಕದ ಸೈನಿಕರ ಕಾವಲಿತ್ತು ಎಂಬುದೂ ಹಳೆ ಮಾತು. ಕಡಿಮೆ ಜನ ಗಮನಿಸಿದ್ದು ಒಂದು ಬ್ಯಾಂಕ್ ಖಾತೆ. ಇರಾಕ್ ಮಾರುವ ಕಚ್ಚಾ ತೈಲದ ದುಡ್ಡು ನೇರ ಬಾಗ್ದಾದಿಗೆ ಹೋಗುವುದಿಲ್ಲ. 2003ರಿಂದ ಅದು ನ್ಯೂಯಾರ್ಕಿನ ಫೆಡರಲ್ ರಿಸರ್ವ್ ಬ್ಯಾಂಕಿನ ಖಾತೆಗೆ ಬೀಳುತ್ತದೆ, ಅಲ್ಲಿಂದ ಡಾಲರು ಇರಾಕಿಗೆ. ಹಿಂದೆ ಸಾಲ ಕೊಟ್ಟವರು ಕೋರ್ಟಿಗೆ ಹೋಗಿ ದುಡ್ಡು ಮುಟ್ಟುಗೋಲು ಹಾಕಿಸಬಾರದು ಎಂಬ ರಕ್ಷಣೆಯೂ ಅದಕ್ಕಿತ್ತು, ಅದು ನಿಜ. ಆದರೆ 2020ರ ಜನವರಿಯಲ್ಲಿ ಇರಾಕಿನ ಸಂಸತ್ತು ಅಮೆರಿಕದ ಸೈನ್ಯ ಹೊರಗೆ ಹೋಗಲಿ ಅಂತ ಮತ ಹಾಕಿದಾಗ, ಆ ಖಾತೆಗೆ ನಿಮಗೆ ಕೈ ಸಿಗದೆ ಹೋಗಬಹುದು ಅಂತ ವಾಷಿಂಗ್ಟನ್ ಎಚ್ಚರಿಸಿದ್ದನ್ನು ಪತ್ರಿಕೆಗಳು ವರದಿ ಮಾಡಿದವು. ಸೈನಿಕರು ಎಷ್ಟು ಜನ ಉಳಿದಿದ್ದಾರೆ ಅಂತ ಎಣಿಸುವವರು ಇದನ್ನೂ ಎಣಿಸಬೇಕು.

ಎಣ್ಣೆಯಾದರೂ ಅಮೆರಿಕಕ್ಕೆ ದಕ್ಕಿತೇ? 2009ರ ಹರಾಜಿನಲ್ಲಿ ಇರಾಕಿನ ಅತಿ ದೊಡ್ಡ ತೈಲಕ್ಷೇತ್ರ ರುಮೈಲಾ ಹೋದದ್ದು ಬಿಪಿಗೆ ಮತ್ತು ಚೀನಾದ ಸರ್ಕಾರಿ ಕಂಪನಿಗೆ. ಆ ಕ್ಷೇತ್ರ ಇರುವುದು ಬಸ್ರಾದಲ್ಲಿ. 2018ರ ಬೇಸಿಗೆಯಲ್ಲಿ ಬಸ್ರಾದ ನಲ್ಲಿಗಳಲ್ಲಿ ಉಪ್ಪು, ಕೊಳಕು ನೀರು ಬಂದು 1,18,000 ಜನ ಆಸ್ಪತ್ರೆ ಸೇರಿದರು. ಬಾವಿಯ ಬಾಯಲ್ಲಿ ಗ್ಯಾಸ್ ಹಗಲುರಾತ್ರಿ ಉರಿದುಹೋಗುತ್ತಿರುತ್ತದೆ, ಊರಲ್ಲಿ ಕರೆಂಟ್ ಇರುವುದಿಲ್ಲ.

ಇರಾನಿನ ಅಣು ಜಗಳಕ್ಕೂ ಬೇರು ಅದೇ ಹಳೆ ಸ್ನೇಹದಲ್ಲಿದೆ. ತೆಹರಾನಿನ ಸಂಶೋಧನಾ ರಿಯಾಕ್ಟರ್ 1967ರಲ್ಲಿ ಅಮೆರಿಕವೇ ಕೊಟ್ಟದ್ದು, ಬಾಂಬಿಗೆ ಹತ್ತಿರವೆನಿಸುವಷ್ಟು ಶುದ್ಧ ಯುರೇನಿಯಂ ಸಮೇತ. ಅದೇ ರಿಯಾಕ್ಟರಿಗೆ ಇಂಧನ ಬೇಕು ಅಂತ ಹೇಳಿ 2010ರಲ್ಲಿ ಇರಾನ್ ಶೇ 20ರ ಮಟ್ಟಕ್ಕೆ ಯುರೇನಿಯಂ ಶುದ್ಧ ಮಾಡತೊಡಗಿತು. 2015ರಲ್ಲಿ ಇರಾನಿನ ಅಣು ಕೆಲಸಕ್ಕೆ ಮಿತಿ ಹಾಕಿ ನಿರ್ಬಂಧ ಸಡಿಲಿಸುವ ಒಪ್ಪಂದವಾಯಿತು, 2018ರ ಮೇ ತಿಂಗಳಲ್ಲಿ ಟ್ರಂಪ್ ಅದರಿಂದ ಹೊರಬಂದರು, 2025ರ ಜೂನ್ 22ರಂದು ಅಮೆರಿಕದ ವಿಮಾನಗಳು ಫೋರ್ಡೊ, ನತಾಂಜ್, ಇಸ್ಫಹಾನ್ ಅಣುಕೇಂದ್ರಗಳ ಮೇಲೆ ಬಾಂಬ್ ಹಾಕಿದವು. ಈ ಹೊತ್ತಿಗೆ ಅಮೆರಿಕ ಜಗತ್ತಿನಲ್ಲೇ ಅತಿ ಹೆಚ್ಚು ಕಚ್ಚಾ ತೈಲ ತೆಗೆಯುವ ದೇಶ. ಕೊಲ್ಲಿಯ ಎಣ್ಣೆ ಅದಕ್ಕೆ ಮೊದಲಿನಷ್ಟು ಬೇಡ. ಎಣ್ಣೆಗಾಗಿ ಶುರುವಾದ ಜಗಳಕ್ಕೆ ಈಗ ಎಣ್ಣೆಯ ಹಂಗಿಲ್ಲ, ತನ್ನ ಕಾಲ ಮೇಲೆ ತಾನೇ ನಿಂತಿದೆ.

ಹಂಗು ಇರುವುದು ನಮಗೆ. ಮಂಗಳೂರಿನ ಎಂಆರ್‌ಪಿಎಲ್ ಒಂದು ಕಾಲದಲ್ಲಿ ಭಾರತದಲ್ಲೇ ಇರಾನಿನ ತೈಲ ಅತಿ ಹೆಚ್ಚು ಕೊಳ್ಳುತ್ತಿದ್ದ ರಿಫೈನರಿ. ಹತ್ತಿರದ ಸಮುದ್ರ, ಕಡಿಮೆ ಸಾಗಣೆ ಖರ್ಚು, ದುಡ್ಡು ಕೊಡಲು ಎರಡು ತಿಂಗಳ ಸಮಯ. ಕಿರಾಣಿ ಅಂಗಡಿಯ ಉದ್ರಿ ಖಾತೆಯಂಥ ಸಂಬಂಧ. 2012ರಲ್ಲಿ ನಿರ್ಬಂಧ ಬಿಗಿಯಾದಾಗ ಬಿಲ್ಲಿನ ಶೇ 45ರಷ್ಟನ್ನು ಕೋಲ್ಕತ್ತದ ಯುಕೋ ಬ್ಯಾಂಕಿನಲ್ಲಿ ರೂಪಾಯಿಯಲ್ಲೇ ಕಟ್ಟುವ ಉಪಾಯ ಮಾಡಿದರು. 2013ರಲ್ಲಿ ಇರಾನಿನ ತೈಲ ಸಂಸ್ಕರಿಸುವ ರಿಫೈನರಿಗೆ ವಿಮೆ ಸಿಗುವುದು ಕಷ್ಟವಾಗಿ ಎಂಆರ್‌ಪಿಎಲ್ ಕೆಲವು ತಿಂಗಳು ಖರೀದಿ ನಿಲ್ಲಿಸಿತು. 2018-19ರಲ್ಲಿ ಭಾರತ ಇರಾನಿನಿಂದ ತರಿಸಿದ್ದು 2 ಕೋಟಿ ಟನ್ನಿಗೂ ಜಾಸ್ತಿ. 2019ರ ಮೇ 2ಕ್ಕೆ ಅಮೆರಿಕ ಕೊಟ್ಟಿದ್ದ ವಿನಾಯಿತಿ ಮುಗಿಯಿತು, ಆ ತಿಂಗಳಲ್ಲೇ ಖರೀದಿ ನಿಂತಿತು. ನಮಗೂ ಇರಾನಿಗೂ ಜಗಳವಿರಲಿಲ್ಲ. ಈಗ ಆ ಎಣ್ಣೆಯ ಬಹುಪಾಲು, ಬೆಲೆ ಇಳಿಸಿ, ಚೀನಾಕ್ಕೆ ಹೋಗುತ್ತದೆ.

ಕೊಲ್ಲಿಯಲ್ಲಿ ಯಾವಾಗ ಏನಾಗುತ್ತೋ ಅಂತ ಭಾರತ ನೆಲದಡಿಯ ಬಂಡೆ ಕೊರೆದು ಕಚ್ಚಾ ತೈಲ ಕೂಡಿಡುತ್ತಿದೆ. ಇರುವುದು ಮೂರೇ ಜಾಗ. ಒಟ್ಟು 53.3 ಲಕ್ಷ ಟನ್ನಿನಲ್ಲಿ ಮಂಗಳೂರಿನದು 15 ಲಕ್ಷ, ಉಡುಪಿ ಜಿಲ್ಲೆಯ ಪಾದೂರಿನದು 25 ಲಕ್ಷ, ಉಳಿದದ್ದು ವಿಶಾಖಪಟ್ಟಣದಲ್ಲಿ. ಅಂದರೆ ಮುಕ್ಕಾಲು ಪಾಲು ನಮ್ಮ ಕರಾವಳಿಯ ಹೊಟ್ಟೆಯೊಳಗೆ. ಪೂರ್ತಿ ತುಂಬಿದರೂ ದೇಶಕ್ಕೆ ಒಂಬತ್ತು-ಹತ್ತು ದಿನಕ್ಕೆ ಸಾಕಾಗುವಷ್ಟು. ಪಾದೂರಿನಲ್ಲಿ ಇನ್ನೊಂದು 25 ಲಕ್ಷ ಟನ್ನಿನ ಎರಡನೇ ಹಂತಕ್ಕೆ 2021ರಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿದೆ. ಕುದುರೆಮುಖದ ಅದಿರು ಇಳಿಯುತ್ತಿದ್ದ ಪಣಂಬೂರಿನಿಂದ ಪಾದೂರಿಗೆ ಅರ್ಧ-ಮುಕ್ಕಾಲು ಗಂಟೆ ದಾರಿ. ಹೊರಗಿನಿಂದ ನೋಡಿದರೆ ಬೇಲಿ, ಗೇಟು, ಒಂದಿಷ್ಟು ಪೈಪು, ಸುತ್ತ ಗದ್ದೆ. ಎಣ್ಣೆ ಕೆಳಗಿದೆ.